ಕಮಲಾಪುರದ ಕನ್ನಡಿ: ‘ಇಂದಿರಾಬಾಯಿ’ ಕಾದಂಬರಿ ಮತ್ತು ಸದ್ಧರ್ಮದ ಲೆಕ್ಕ

ಧರ್ಮಕ್ಕೆ ಜಯವಾಯಿತೆಂದು ಹೆಸರಿನಲ್ಲಿಯೇ ಸಾರುವ ಪುಸ್ತಕವನ್ನು ಕಂಡಾಗ ವ್ಯಾಪಾರಿಯ ಮನಸ್ಸಿಗೆ ತುಸು ಅನುಮಾನ ಬರುವುದು ಸಹಜ. ಲಾಭವಾಯಿತೆಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದು ಖಾತೆಯನ್ನು. ಎಷ್ಟು ಬಂಡವಾಳ, ಯಾರದು ಬಂಡವಾಳ, ನಷ್ಟವನ್ನು ಯಾರ ಹೆಸರಿಗೆ ಬರೆಯಲಾಗಿದೆ ಎಂಬುದನ್ನು ನೋಡಿದ ಮೇಲೆಯೇ ಲಾಭದ ಮಾತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಗೆ ‘ಸದ್ಧರ್ಮ ವಿಜಯವು’ ಎಂಬ ಎರಡನೆಯ ಹೆಸರೂ ಇದೆ. ಈ ವಿಜಯದ ಲೆಕ್ಕವನ್ನು ಶ್ರಾವಕಧರ್ಮದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕೃತಿ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊತ್ತಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬ ಮನ್ನಣೆ ಇದಕ್ಕೆ ಸಂದಿದೆ. ಲೇಖಕರು (1844–1913) ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ಸಾರಸ್ವತ ಬ್ರಾಹ್ಮಣ ಸಮಾಜಕ್ಕೆ ಸೇರಿದವರು. ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಐ.ಸಿ.ಎಸ್. ಅಧಿಕಾರಿ ಎಂ. ಇ. ಕೌಚ್‌ಮನ್ ಇದನ್ನು ಇಂಗ್ಲಿಷಿಗೆ ಅನುವಾದಿಸಿದರು. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದವೂ ಪ್ರಕಟವಾಗಿದೆ. ಹೊರಗಿನವರು ಎರಡು ಬಾರಿ ಓದಿಕೊಂಡ ಈ ಪುಸ್ತಕವನ್ನು ನಮ್ಮ ಸ್ವಾಧ್ಯಾಯ ಮಂಡಲಿಗಳು ಒಮ್ಮೆಯಾದರೂ ಕೈಗೆತ್ತಿಕೊಳ್ಳಬಾರದೇಕೆ?

ಊರು ಮತ್ತು ಕಾಲ

ಕಥೆ ನಡೆಯುವುದು ಕಮಲಾಪುರವೆಂಬ ಕಲ್ಪಿತ ಊರಿನಲ್ಲಿ. ಅದರ ಹಿಂದೆ ಮಂಗಳೂರು ಇದೆಯೆಂದು ಊಹಿಸುವುದು ಕಷ್ಟವಲ್ಲ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಆ ಅರವತ್ತನಾಲ್ಕು ವರ್ಷಗಳಲ್ಲಿ ಮಂಗಳೂರು ಎಷ್ಟು ಬದಲಾಯಿತೆಂಬುದನ್ನು ನೆನಪಿಸಿಕೊಂಡರೆ ಕಾದಂಬರಿಯ ಭೂಮಿಕೆ ಸ್ಪಷ್ಟವಾಗುತ್ತದೆ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 1843ರಲ್ಲಿ ಅಲ್ಲಿಂದಲೇ ಹೊರಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮತಾಂತರಗೊಂಡವರು ತಮ್ಮ ಜಾತಿಯನ್ನೂ ಅದರೊಡನೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆ, ಹೆಂಚು ಮುಂತಾದ ಉದ್ಯಮಗಳನ್ನು ಮಿಷನ್ ನಡೆಸಿತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು ತಲೆಯೆತ್ತಿದವು. 1870ರಲ್ಲಿಯೇ ಬ್ರಹ್ಮಸಮಾಜದ ವಿಚಾರಗಳು ಆ ಊರನ್ನು ಮುಟ್ಟಿದ್ದವು. ರೈಲು ಬಂದದ್ದು ಮಾತ್ರ 1907ರಲ್ಲಿ. ಅಲ್ಲಿಯವರೆಗೂ ಸಮುದ್ರವೇ ಹೆದ್ದಾರಿ.

1901ರ ಜನಗಣತಿಯ ಪ್ರಕಾರ ಮಂಗಳೂರಿನ ಜನಸಂಖ್ಯೆ 44,108. ಲಂಡನ್ನಿನ ಮುಂದೆ ಇದೊಂದು ಕೇರಿಯಷ್ಟೇ. ಆದರೂ ಕಚೇರಿಯ ನೌಕರರು, ಬಂದರಿನ ಹಮಾಲರು, ಹೆಂಚಿನ ಕಾರ್ಖಾನೆಯ ಕೂಲಿಗಳು, ಕ್ರೈಸ್ತರು, ಮುಸಲ್ಮಾನ ವರ್ತಕರು, ಬಿಲ್ಲವರು, ಬಂಟರು, ಊರ ಹೊರಗೆ ಇರಿಸಲ್ಪಟ್ಟವರು, ಹೀಗೆ ಎಲ್ಲ ವರ್ಗಗಳೂ ಆ ಚಿಕ್ಕ ಊರಿನಲ್ಲಿ ಒತ್ತಿಕೊಂಡು ಬದುಕುತ್ತಿದ್ದವು. ಅಲ್ಲಿಂದ ಹೊರಟ ಹೆಂಚು ಘಟ್ಟವನ್ನು ಹತ್ತಿ ನಮ್ಮ ಅರಸೀಕೆರೆ ಸೀಮೆಯ ಮನೆಗಳ ಮೇಲೂ ಕುಳಿತಿತು. ಗಂಡಸಿಯ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಗೆ ಮಂಗಳೂರು ಹೆಂಚಿನ ಮಾಡಿತ್ತು. ಆ ಕೋಣೆಯ ವಿಷಯವನ್ನು ಮುಂದೆ ಹೇಳಬೇಕಾಗಿದೆ.

ಲಂಚವೂ ಭಕ್ತಿಯೂ ಒಂದೇ ಸೂರಿನಡಿ

ಕಥೆಯ ಸಾರ ಇಷ್ಟು. ಭೀಮರಾಯನು ಸರಕಾರಿ ನೌಕರಿಯಲ್ಲಿ ಲಂಚದಿಂದ ಸಂಪತ್ತನ್ನು ಕೂಡಿಹಾಕಿದವನು. ಅವನ ಹೆಂಡತಿ ಅಂಬಾಬಾಯಿಗೆ ಸಂತಮಂಡಳಿಯೆಂಬ ಭಜನೆಯ ಗುಂಪಿನ ಮೇಲೆ ಅಪಾರ ಭಕ್ತಿ. ಇವರ ಮಗಳು ಇಂದಿರೆ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗುತ್ತಾಳೆ. ಪುಸ್ತಕ ಓದಬಾರದು, ಸಂತರ ಸೇವೆಯಲ್ಲಿ ಕಾಲ ಕಳೆಯಬೇಕು ಎಂಬುದು ತಾಯಿಯ ಕಟ್ಟಪ್ಪಣೆ. ಆ ಸಂತರ ಕಣ್ಣು ಇರುವುದು ದೇವರ ಮೇಲಲ್ಲ, ಈ ಹುಡುಗಿಯ ಮೇಲೆ. ಇಂದಿರೆ ಮನೆಬಿಟ್ಟು ಅಮೃತರಾಯನೆಂಬ ಸುಧಾರಕನ ಆಶ್ರಯ ಪಡೆಯುತ್ತಾಳೆ, ವಿದ್ಯೆ ಕಲಿಯುತ್ತಾಳೆ. ಅದೇ ಅಮೃತರಾಯನ ನೆರವಿನಿಂದ ಮೇಲೆ ಬಂದ ಭಾಸ್ಕರನೆಂಬ ತರುಣನು ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಅಧಿಕಾರಿಯಾಗಿ ಹಿಂತಿರುಗುತ್ತಾನೆ. ಇಂದಿರೆಗೂ ಭಾಸ್ಕರನಿಗೂ ವಿವಾಹವಾಗುತ್ತದೆ.

ವಿಧವಾ ವಿವಾಹವನ್ನು ಮಾನ್ಯ ಮಾಡುವ ಕಾಯಿದೆ 1856ರಲ್ಲಿಯೇ ಬಂದಿತ್ತು. ಕಾಯಿದೆ ಬರುವುದು ಬೇರೆ, ಮನೆಯ ಹೊಸಿಲು ದಾಟುವುದು ಬೇರೆ. ಸಮುದ್ರಯಾನ ಮಾಡಿದವನನ್ನೇ ಜಾತಿಯಿಂದ ಹೊರಗಿಡುತ್ತಿದ್ದ ಕಾಲದಲ್ಲಿ, ಸಮುದ್ರ ದಾಟಿ ಬಂದವನಿಗೆ ವಿಧವೆಯೊಬ್ಬಳನ್ನು ಕೊಟ್ಟು ಮದುವೆ ಮಾಡಿಸಿ ಅದನ್ನೇ ಸದ್ಧರ್ಮವೆಂದು ಕರೆಯುವುದಕ್ಕೆ ಎದೆಗಾರಿಕೆ ಬೇಕು. ಆ ಎದೆಗಾರಿಕೆಗೆ ನಾವು ಮೊದಲು ತಲೆಬಾಗಬೇಕು.

ಲೇಖಕರ ನಿಜವಾದ ಸಾಧನೆ ಭೀಮರಾಯನನ್ನೂ ಅಂಬಾಬಾಯಿಯನ್ನೂ ಒಂದೇ ಮನೆಯಲ್ಲಿ ಇರಿಸಿದ್ದರಲ್ಲಿದೆ. ಗಂಡನಿಂದ ಅನ್ಯಾಯದ ಹಣ ಒಳಗೆ ಬರುತ್ತದೆ. ಹೆಂಡತಿಯ ಕೈಯಿಂದ ಅದೇ ಹಣ ಸಂತರ್ಪಣೆಯಾಗಿ ಹೊರಗೆ ಹೋಗುತ್ತದೆ. ಒಂದು ಪಾಪ, ಇನ್ನೊಂದು ಪುಣ್ಯವೆಂದು ಆ ಮನೆಯವರು ನಂಬಿದ್ದಾರೆ. ಎರಡೂ ಒಂದೇ ಹಣದ ಎರಡು ಮುಖಗಳೆಂಬುದನ್ನು ಕಾದಂಬರಿ ತೋರಿಸುತ್ತದೆ. ಈ ಎರಡು ವ್ಯವಹಾರಗಳ ನಡುವೆ ನಲುಗುವವಳು ಮಗಳು.

ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಅಡ್ಡಿಯಾಗುವ ಮೂರು ಮೂಢತೆಗಳನ್ನು ಹೇಳಿದ್ದಾರೆ: ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ. ಪರಿಗ್ರಹ ಮತ್ತು ಆರಂಭಗಳಲ್ಲಿ ಮುಳುಗಿರುವ ವೇಷಧಾರಿಗಳನ್ನು ಗುರುಗಳೆಂದು ಮನ್ನಿಸುವುದು ಮೂರನೆಯದು. ಅಂಬಾಬಾಯಿಯ ಮನೆಯಲ್ಲಿ ಈ ಮೂರೂ ಇವೆ. ಸಮಂತಭದ್ರರ ಶ್ಲೋಕಗಳನ್ನು ವೆಂಕಟರಾಯರು ಓದಿದ್ದರೋ ಇಲ್ಲವೋ, ಪಾಷಂಡಿಮೂಢತೆಯ ಇಷ್ಟು ಸ್ಪಷ್ಟವಾದ ಗೃಹಚಿತ್ರ ಹೊಸಗನ್ನಡದ ಆರಂಭಕಾಲದಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಪರಂಪರೆಗೆ ಒಂದು ಮಾತು. ಮುಳುಗುಂದದ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದನು. ಅದೇ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯನ್ನು ಬರೆದನು. ಮೂಢನಂಬಿಕೆಯನ್ನು ವಿಡಂಬಿಸುವ ಕಲೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆದರೆ ಬ್ರಹ್ಮಶಿವನ ವಿಡಂಬನೆಯ ಬಾಣ ಹೆಚ್ಚಾಗಿ ಅನ್ಯಮತಗಳ ಕಡೆಗೆ ಹಾರುತ್ತದೆ. ವೆಂಕಟರಾಯರು ಬಾಣವನ್ನು ತಿರುಗಿಸಿದ್ದು ತಮ್ಮ ಮನೆಯ ಕಡೆಗೆ, ತಮ್ಮ ಸಮಾಜದ ಕಡೆಗೆ. ನೆರೆಮನೆಯ ಮೂಢತೆಯನ್ನು ಕಾಣಲು ಬುದ್ಧಿ ಸಾಕು, ನಮ್ಮ ಮನೆಯದನ್ನು ಕಾಣಲು ಚಾರಿತ್ರ ಬೇಕು.

ಕೊಟ್ಟವನ ಖಾತೆ

ಇಷ್ಟನ್ನು ಹೇಳಿದ ಮೇಲೆ ಆಕ್ಷೇಪಣೆಗಳನ್ನೂ ಹೇಳಬೇಕು. ಮೊದಲನೆಯದು ಲಂಚದ ವಿಷಯ.

ಜೋಡಿ ನಮೂದಿನ ಪದ್ಧತಿಯಲ್ಲಿ ಒಂದು ಜಮೆಗೆ ಒಂದು ಖರ್ಚು ಇರಲೇಬೇಕು. ಭೀಮರಾಯನ ಮನೆಗೆ ಹಣ ಜಮೆಯಾಗಿದ್ದರೆ ಅದು ಯಾವುದೋ ಮನೆಯಿಂದ ಖರ್ಚಾಗಿ ಹೋಗಿರಬೇಕು. ಕಾದಂಬರಿಯ ಕಣ್ಣು ತೆಗೆದುಕೊಂಡವನ ಮೇಲೆ ನೆಟ್ಟಿದೆ. ಕೊಟ್ಟವನ ಅಂತರಂಗವನ್ನು ಅದು ಹೊಕ್ಕು ನೋಡುವುದಿಲ್ಲ. ಲೇಖಕರು ಪೊಲೀಸ್ ಅಧಿಕಾರಿಗಳಾಗಿದ್ದುದರಿಂದ ಅಪರಾಧಿಯನ್ನು ಹುಡುಕುವ ದೃಷ್ಟಿ ಅವರಿಗೆ ಸಹಜವಾಗಿ ಒದಗಿದೆ. ಅಪರಾಧವು ಒಂದು ಊರಿನ ಸಾಮೂಹಿಕ ಅಭ್ಯಾಸವಾಗುವ ಬಗೆ ಆ ದೃಷ್ಟಿಗೆ ಸುಲಭವಾಗಿ ನಿಲುಕುವುದಿಲ್ಲ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆಯ ವ್ಯವಹಾರ ಮಾಡುವುದು. ಇವು ಕಳ್ಳರನ್ನು ಕುರಿತು ಹೇಳಿದವಲ್ಲ, ವ್ರತಧಾರಿಗಳನ್ನು ಕುರಿತು ಹೇಳಿದವು. ಮೊದಲ ಅತಿಚಾರವನ್ನು ಗಮನಿಸಿ. ತಾನು ಕದಿಯದೆ ಇನ್ನೊಬ್ಬನ ಕೈಗೆ ಕದಿಯುವುದನ್ನು ಕಲಿಸುವವನೂ ದೋಷಿಯೇ. ಲಂಚ ಕೊಡುವವನು ಇಲ್ಲಿಯೇ ಸಿಕ್ಕಿಬೀಳುತ್ತಾನೆ.

ನನ್ನ ಕೊಬ್ಬರಿ ಮಂಡಿಯ ಲೆಕ್ಕದಲ್ಲಿ ಬಹುಕಾಲ ‘ಇತರೆ ಖರ್ಚು’ ಎಂಬ ಒಂದು ಶೀರ್ಷಿಕೆಯಿತ್ತು. ಒಂದು ಕಚೇರಿಯಲ್ಲಿ ಸಹಿ ಬೇಗನೆ ಬೀಳಲೆಂದು ಕೊಟ್ಟದ್ದೆಲ್ಲ ಅದರೊಳಗೆ ಅಡಗುತ್ತಿತ್ತು. ಕೊಡದಿದ್ದರೆ ಲಾರಿ ನಿಲ್ಲುತ್ತದೆ, ಲಾರಿ ನಿಂತರೆ ದರ ಬೀಳುತ್ತದೆ ಎಂಬ ಸಮಾಧಾನ ನನ್ನ ಬಳಿ ಸಿದ್ಧವಾಗಿತ್ತು. ಆ ಸಮಾಧಾನ ಪೂರ್ತಿ ಸುಳ್ಳೂ ಅಲ್ಲ. ಆದರೆ ಪರ್ಯೂಷಣದ ಹತ್ತು ದಿನ ಉತ್ತಮ ಶೌಚ, ಉತ್ತಮ ಸತ್ಯಗಳನ್ನು ಕುರಿತು ಮಾತನಾಡಿ ಹನ್ನೊಂದನೆಯ ದಿನ ಆ ಶೀರ್ಷಿಕೆಯಡಿ ಮೊಬಲಗು ಬರೆದವನು ನಾನೇ. ಕಾದಂಬರಿಯಲ್ಲಿ ಭೀಮರಾಯನನ್ನು ಕಂಡು ನಕ್ಕಾಗ, ಭೀಮರಾಯನನ್ನು ಸಾಕಿದವರ ಸಾಲಿನಲ್ಲಿ ನಾನೂ ನಿಂತಿದ್ದೇನೆಂಬುದು ಹೊಳೆಯಿತು.

ಕಾಣಿಸದ ಕೇರಿಗಳು

ಎರಡನೆಯ ಆಕ್ಷೇಪಣೆ ಇನ್ನೂ ದೊಡ್ಡದು. ‘ಇಂದಿರಾಬಾಯಿ’ಯನ್ನು ಒಂದು ಊರಿನ ಸಮಾಜಚಿತ್ರವೆಂದು ವಿಮರ್ಶಕರು ಹೊಗಳುತ್ತಾರೆ. ಯಾವ ಸಮಾಜ? ಮುಖ್ಯ ಪಾತ್ರಗಳೆಲ್ಲ ಒಂದೇ ಜಾತಿಯ ನಡುಮನೆಯಿಂದ ಬಂದವು. ಊರಿನ ಇತರ ವರ್ಗಗಳು ಕಥೆಯ ಅಂಚಿನಲ್ಲಿ ಸುಳಿಯಬಹುದಾದರೂ ಅವರ ಸುಖದುಃಖ ಕಥೆಯ ಪ್ರಶ್ನೆಯಾಗುವುದಿಲ್ಲ.

ಅದೇ ಕಾಲದ ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಎಂಬ ಒಬ್ಬ ಗೃಹಸ್ಥನಿದ್ದನು. ಲಿವರ್‌ಪೂಲಿನವನು, ಹಡಗಿನ ವ್ಯಾಪಾರಿ. ಅಂದರೆ ನಮ್ಮಂತೆ ಲೆಕ್ಕ ಬರೆಯುವವನು. ಲಂಡನ್ನಿನಲ್ಲಿ ಬಡವರೆಷ್ಟು ಎಂಬ ಪ್ರಶ್ನೆಗೆ ಊಹೆಯ ಉತ್ತರ ಬೇಡವೆಂದು ತನ್ನ ಹಣದಿಂದಲೇ ಸಮೀಕ್ಷೆ ನಡೆಸಿದನು. 1889ರಿಂದ 1903ರವರೆಗೆ ಅದು ಹದಿನೇಳು ಸಂಪುಟಗಳಾಗಿ ಬೆಳೆಯಿತು. ಲಂಡನ್ನಿನ ನೂರಕ್ಕೆ 30.7ರಷ್ಟು ಜನ ಬಡತನದಲ್ಲಿದ್ದಾರೆಂದು ಅವನ ಲೆಕ್ಕ ತೋರಿಸಿತು. ಬೀದಿಬೀದಿಯನ್ನೂ ನಕ್ಷೆಯಲ್ಲಿ ಗುರುತಿಸಿ, ಅತಿ ಬಡವರ ಬೀದಿಗೆ ಕಪ್ಪು, ಅತಿ ಶ್ರೀಮಂತರ ಬೀದಿಗೆ ಹಳದಿ, ನಡುವಿನವರಿಗೆ ಬೇರೆ ಬೇರೆ ಬಣ್ಣಗಳನ್ನು ಕೊಟ್ಟನು. ಶ್ರೀಮಂತರ ಬೀದಿಯ ಬೆನ್ನಿಗೇ ಕಪ್ಪು ಬೀದಿ ಅಂಟಿಕೊಂಡಿರುವುದನ್ನು ಆ ನಕ್ಷೆಯಲ್ಲಿ ಕಾಣಬಹುದು. ಅದಕ್ಕೂ ಮುನ್ನ, 1851ರಿಂದಲೇ, ಹೆನ್ರಿ ಮೇಹ್ಯೂ ಲಂಡನ್ನಿನ ಬೀದಿ ವ್ಯಾಪಾರಿಗಳನ್ನೂ ಚಿಂದಿ ಆಯುವವರನ್ನೂ ಕಂಡು ಮಾತನಾಡಿಸಿ ಅವರ ಬದುಕನ್ನು ಅವರ ಮಾತಿನಲ್ಲಿಯೇ ದಾಖಲಿಸಿದ್ದನು.

ಕಮಲಾಪುರಕ್ಕೆ ಬೂತನ ಬಣ್ಣಗಳನ್ನು ಬಳಿಯ ಹೊರಟರೆ ಒಂದೇ ಬೀದಿಗೆ ಬಣ್ಣ ಬೀಳುತ್ತದೆ. ಉಳಿದ ಊರು ಬರಿಯ ಕಾಗದವಾಗಿ ಉಳಿಯುತ್ತದೆ. ಕಾದಂಬರಿಕಾರನು ಜನಗಣತಿಯ ಅಧಿಕಾರಿಯಲ್ಲ, ತಾನು ಬಲ್ಲ ಮನೆಯನ್ನು ಬರೆದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಒಪ್ಪತಕ್ಕ ಮಾತೇ. ಆದರೆ ಗ್ರಂಥದ ಹೆಸರು ‘ಸದ್ಧರ್ಮ ವಿಜಯವು’. ಸದ್ಧರ್ಮವೆಂಬ ದೊಡ್ಡ ಹೆಸರನ್ನಿಟ್ಟ ಮೇಲೆ, ಆ ಧರ್ಮದ ನೆರಳು ಯಾವ ಕೇರಿಯವರೆಗೆ ಬಿತ್ತು ಎಂದು ಕೇಳುವ ಅಧಿಕಾರ ಓದುಗನಿಗೆ ಬರುತ್ತದೆ.

ಆ ಕಾಲದಲ್ಲಿ ಅಷ್ಟು ದೂರ ನೋಡುವುದು ಸಾಧ್ಯವೇ ಇರಲಿಲ್ಲವೆಂದು ಹೇಳುವಂತಿಲ್ಲ. ಕುದ್ಮುಲ್ ರಂಗರಾಯರು (1859–1928) ಅದೇ ಸಾರಸ್ವತ ಸಮಾಜದಲ್ಲಿ ಹುಟ್ಟಿದವರು. ಈ ಕಾದಂಬರಿ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲು, 1897ರಲ್ಲಿ, ಅವರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಕಟ್ಟಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಅದಕ್ಕಾಗಿ ಸ್ವಜಾತಿಯ ಬಹಿಷ್ಕಾರವನ್ನು ಉಂಡರು. ಒಂದೇ ಊರು, ಒಂದೇ ಜಾತಿ, ಒಂದೇ ದಶಕ. ಒಬ್ಬರು ತಮ್ಮ ಸಮಾಜದ ಹೆಣ್ಣುಮಗಳ ಬಾಗಿಲನ್ನು ತೆರೆದರು. ಇನ್ನೊಬ್ಬರು ಊರಿನ ಹೊರಗಿದ್ದವರ ಬಾಗಿಲಿಗೆ ನಡೆದುಹೋದರು. ಇಬ್ಬರೂ ದೊಡ್ಡವರೇ. ಆದರೆ ಕಾದಂಬರಿಯ ಅಳತೆ ರಂಗರಾಯರ ಬದುಕಿನ ಅಳತೆಗಿಂತ ಚಿಕ್ಕದೆಂಬುದನ್ನು ಹೇಳದಿರುವುದು ವಿಮರ್ಶೆಯಾಗದು.

ಗೆಲುವಿಗೆ ಒತ್ತಿದ ಮುದ್ರೆ

ಮೂರನೆಯ ಆಕ್ಷೇಪಣೆ ಮುಕ್ತಾಯವನ್ನು ಕುರಿತದ್ದು. ಭಾಸ್ಕರನು ಐ.ಸಿ.ಎಸ್. ಅಧಿಕಾರಿಯಾಗಿ ಬರುತ್ತಾನೆ, ಇಂದಿರೆಯ ಕೈಹಿಡಿಯುತ್ತಾನೆ, ಸದ್ಧರ್ಮಕ್ಕೆ ಜಯವಾಗುತ್ತದೆ. ಓದುಗನ ಹೃದಯ ತುಂಬುತ್ತದೆ, ನಿಜ. ಆದರೆ ಭಾಸ್ಕರನ ಪದವಿಯನ್ನು ತೆಗೆದು ನೋಡಿ. ಅವನು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದರೆ ಕಮಲಾಪುರವು ಈ ಮದುವೆಯನ್ನು ಎಷ್ಟು ಗೌರವದಿಂದ ಕಾಣುತ್ತಿತ್ತು? ಭೀಮರಾಯನ ಅನ್ಯಾಯಕ್ಕೆ ಬಲವಿದ್ದದ್ದು ಕಚೇರಿಯ ಕುರ್ಚಿಯಿಂದ. ಭಾಸ್ಕರನ ನ್ಯಾಯಕ್ಕೂ ಬಲ ಬರುವುದು ಅದಕ್ಕಿಂತ ದೊಡ್ಡ ಕುರ್ಚಿಯಿಂದಲೇ. ಇದು ಧರ್ಮದ ವಿಜಯವೋ, ಹುದ್ದೆಯ ವಿಜಯವೋ?

ಇದು ಆ ಯುಗದ ಕಾದಂಬರಿಗಳಿಗೆಲ್ಲ ಅಂಟಿದ ದೋಷ. ಡಿಕನ್ಸನ ‘ಆಲಿವರ್ ಟ್ವಿಸ್ಟ್’ (1837–39) ಅನಾಥಾಲಯ ಮತ್ತು ಲಂಡನ್ನಿನ ಕಳ್ಳರ ಗುಹೆಗಳೊಳಗೆ ನಮ್ಮನ್ನು ಕರೆದೊಯ್ಯುತ್ತದೆ. ಕೊನೆಗೆ ಆ ಹುಡುಗನ ಉದ್ಧಾರ ಬ್ರೌನ್‌ಲೋ ಎಂಬ ದಯಾಳು ಧನಿಕನ ಮನೆಯಲ್ಲಿ. ಉಳಿದ ಅನಾಥರ ಗತಿಯೇನು? ಒಬ್ಬನಿಗೆ ದೊರೆತ ಧನಿಕನು ಎಲ್ಲರಿಗೂ ದೊರೆಯುವುದಿಲ್ಲ. ಒಬ್ಬಳಿಗೆ ದೊರೆತ ಅಧಿಕಾರಿಯು ಎಲ್ಲ ಇಂದಿರೆಯರಿಗೂ ದೊರೆಯುವುದಿಲ್ಲ.

ಜಿನಧರ್ಮದಲ್ಲಿ ಸದ್ಧರ್ಮವೆಂದರೆ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ. ಇದರ ಗೆಲುವಿಗೆ ಹೊರಗಿನ ಮುದ್ರೆ ಬೇಡ. ಈ ದೃಷ್ಟಿಯಿಂದ ಕಾದಂಬರಿಯ ವಿಜಯದ ಕ್ಷಣ ಕೊನೆಯ ಮದುವೆಯಲ್ಲಿಲ್ಲ. ಇಂದಿರೆ ತಂದೆಯ ಮನೆಯ ಹೊಸಿಲನ್ನು ದಾಟಿದ ರಾತ್ರಿಯಲ್ಲಿದೆ. ಆಗ ಅವಳ ಬಳಿ ಭಾಸ್ಕರನಿಲ್ಲ, ಪದವಿಯಿಲ್ಲ, ಹಣವಿಲ್ಲ. ಇದು ತಪ್ಪು ಎಂಬ ತಿಳಿವು ಇದೆ, ಆ ತಿಳಿವಿನಂತೆ ನಡೆಯುವ ಧೈರ್ಯ ಇದೆ. ಲೇಖಕರು ತಾವೇ ಬರೆದ ಆ ದೃಶ್ಯದ ಬೆಲೆಯನ್ನು ಪೂರ್ಣವಾಗಿ ನಂಬದೆ, ಅದಕ್ಕೆ ಸರಕಾರದ ಮುದ್ರೆಯನ್ನು ಒತ್ತಿಸಿದರು.

ಹಿಂದಿನ ಕೋಣೆ

ಇಲ್ಲಿಯವರೆಗೆ ಪರರ ಲೆಕ್ಕವನ್ನು ನೋಡಿದೆವು. ವೆಂಕಟರಾಯರಿಂದ ಕಲಿಯಬೇಕಾದುದನ್ನು ಕಲಿತಿದ್ದರೆ ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕು.

ನನ್ನ ತಂದೆಯ ಅಕ್ಕ ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾಗಿ ಗಂಡಸಿಯ ನಮ್ಮ ಮನೆಗೆ ಹಿಂತಿರುಗಿದರು. ಮಂಗಳೂರು ಹೆಂಚಿನ ಆ ಹಿಂದಿನ ಕೋಣೆ ಅವರದಾಯಿತು. ಮದುವೆ ಮುಂಜಿಗಳಲ್ಲಿ ಮುಂದೆ ಬರುತ್ತಿರಲಿಲ್ಲ. ಬಸದಿಯಲ್ಲಿ ಅಭಿಷೇಕದ ಹೊತ್ತಿಗೆ ಕಂಬದ ಹಿಂದೆ ನಿಲ್ಲುತ್ತಿದ್ದರು. ಯಾರೂ ಅವರಿಗೆ ಗದರಿದ್ದಿಲ್ಲ, ಅನ್ನಕ್ಕೆ ಕೊರತೆ ಮಾಡಿದ್ದಿಲ್ಲ. ನಮ್ಮದು ಒಳ್ಳೆಯ ಮನೆಯೆಂದು ಊರು ಹೇಳುತ್ತಿತ್ತು. ನೂರು ಕೊಬ್ಬರಿಯ ದರ ಹೇಳಿದರೆ ಹದಿನೇಳು ಸಾವಿರಕ್ಕೆ ಎಷ್ಟಾಯಿತೆಂದು ಬಾಯಲ್ಲಿಯೇ ಹೇಳುತ್ತಿದ್ದ ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಎರಡನೆಯ ತರಗತಿಯಲ್ಲಿದ್ದಾಗ ನನ್ನ ಸ್ಲೇಟಿನ ಮೇಲೆ ಅವರಿಗೆ ಅಕ್ಷರ ತಿದ್ದಿಸಿದೆ. ಕೆಲವು ವರ್ಷಗಳಲ್ಲಿ ‘ಭರತೇಶವೈಭವ’ವನ್ನು ತಾವೇ ಓದಿಕೊಳ್ಳುವಷ್ಟಾದರು.

1983ರಲ್ಲಿ ನಮ್ಮ ಅಜ್ಜ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕಿದೆ. ಬಿ.ಕಾಂ. ಮುಗಿಸಿ ಬಂದಿದ್ದ ನನಗೆ ಇದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹಕ್ಕು ಬಿಡುಗಡೆಯ ಪತ್ರದ ಕರಡನ್ನು ನಾನೇ ಸಿದ್ಧಪಡಿಸಿದೆ. ತೋಟ ಒಡೆಯಬಾರದು, ಅತ್ತೆಗೆ ಹೇಗೂ ಮನೆಯಿದೆ ಎಂಬುದು ಎಲ್ಲರ ಮಾತು. ಅತ್ತೆ ಏನನ್ನೂ ಕೇಳಲಿಲ್ಲ. ನಾನು ಕಲಿಸಿದ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಮಾಡಿದರು. ಬೇಕೆ, ಬೇಡವೆ ಎಂದು ನಾವೂ ಕೇಳಲಿಲ್ಲ. ಮರುಮದುವೆಯ ವಿಚಾರವನ್ನು ಅವರ ಹದಿನೆಂಟರಲ್ಲಿ ಯಾರೂ ಕೇಳಿರಲಿಲ್ಲ. ಆಸ್ತಿಯ ವಿಚಾರವನ್ನು ಅವರ ಅರವತ್ತರ ಹೊಸಿಲಲ್ಲಿ ನಾನು ಕೇಳಲಿಲ್ಲ.

ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಚೌರ್ಯವೆಂದು ಶಾಸ್ತ್ರ ಹೇಳುತ್ತದೆ. ಆ ಪಾಲನ್ನು ಅತ್ತೆ ಕೊಟ್ಟರೋ, ನಾವು ತೆಗೆದುಕೊಂಡೆವೋ? ಪತ್ರದ ಪ್ರಕಾರ ಕೊಟ್ಟರು. ಆದರೆ ಕೇಳುವ ಅಭ್ಯಾಸವನ್ನೇ ಕಿತ್ತುಕೊಂಡವರಿಂದ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೆ? ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ‘ಇಂದಿರಾಬಾಯಿ’ಯನ್ನು ಓದಿ ಮುಗಿಸಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಭೀಮರಾಯನು ದುಷ್ಟನಾದ್ದರಿಂದ ಇಂದಿರೆಗೆ ಓಡಿಹೋಗುವ ಕಾರಣ ಸಿಕ್ಕಿತು. ನಾವು ಒಳ್ಳೆಯವರಾದ್ದರಿಂದ ಅತ್ತೆಗೆ ಆ ಕಾರಣವೂ ಸಿಗಲಿಲ್ಲ. ಒಳ್ಳೆಯ ಮನೆಯೊಳಗಿನ ಅನ್ಯಾಯವನ್ನು ಬರೆಯುವ ಕಾದಂಬರಿಕಾರ ಕಮಲಾಪುರದಲ್ಲಿ ಇರಲಿಲ್ಲ. ಈ ಕೃತಿಯ ಮೇಲೆ ನನ್ನ ಕೊನೆಯ ಆಕ್ಷೇಪಣೆ ಇದೇ. ಕೆಟ್ಟವರನ್ನು ಅಷ್ಟು ಸ್ಪಷ್ಟವಾಗಿ ಚಿತ್ರಿಸಿದ್ದರಿಂದ, ಓದುವ ಒಳ್ಳೆಯವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಬಸದಿ, ನಮ್ಮ ಖಾತೆ

ಕಾದಂಬರಿ ಪ್ರಕಟವಾದ 1899ರಲ್ಲಿಯೇ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಇಂದು ಅದು ದಕ್ಷಿಣ ಭಾರತ ಜೈನ ಸಭೆಯೆಂದು ಪ್ರಸಿದ್ಧ. ಶಿಕ್ಷಣವಿಲ್ಲದೆ ಸಮಾಜಕ್ಕೆ ಗತಿಯಿಲ್ಲವೆಂದು ಅದು ವಿದ್ಯಾರ್ಥಿ ನಿಲಯಗಳನ್ನು ಕಟ್ಟಿತು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿದ್ದ ಪಂಡಿತೆ ಚಂದಾಬಾಯಿಯವರು 1921ರಲ್ಲಿ ಬಿಹಾರದ ಆರಾ ನಗರದಲ್ಲಿ ಜೈನ ಬಾಲಾ ವಿಶ್ರಾಮವನ್ನು ಸ್ಥಾಪಿಸಿ ಅಸಂಖ್ಯ ಹೆಣ್ಣುಮಕ್ಕಳಿಗೆ ವಿದ್ಯೆ ಕೊಟ್ಟರು. ಅಧಿಕಾರಿಯೊಬ್ಬನು ಬಂದು ಕೈಹಿಡಿಯುವುದನ್ನು ಅವರು ಕಾಯಲಿಲ್ಲ. ಹೀಗೆ ನಮ್ಮಲ್ಲಿಯೂ ಬೆಳಕಿನ ಪರಂಪರೆ ಇದೆ. ಆ ಬೆಳಕು ಹಿಂದಿನ ಕೋಣೆಗಳನ್ನು ಎಷ್ಟು ಮುಟ್ಟಿತೆಂಬುದೇ ಪ್ರಶ್ನೆ.

ನಮ್ಮ ಬಸದಿಗಳ ಧರ್ಮದರ್ಶಿಗಳಲ್ಲಿ ವಿನಯದಿಂದ ಒಂದೆರಡು ಮಾತು. ಮೊದಲ ಕಲಶದ ಸವಾಲಿನಲ್ಲಿ ಹೆಚ್ಚು ಕೂಗಿದವರಿಗೆ ಹಾರ ಹಾಕುತ್ತೇವೆ. ಆ ಹಣದ ಮೂಲವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲಿಗೆ ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ ದಾನಗಳು ಅದರ ನಂತರ. ಅಂಬಾಬಾಯಿಯ ಸಂತರ್ಪಣೆಗೂ ನಮ್ಮ ಸವಾಲಿಗೂ ಇರುವ ಅಂತರ ಈ ಒಂದು ಪ್ರಶ್ನೆಯಲ್ಲಿದೆ. ಅದನ್ನು ಸಭೆಯಲ್ಲಿ ಕೇಳಲಾಗದಿದ್ದರೆ ಕೂಗುವವನು ತನ್ನನ್ನಾದರೂ ಕೇಳಿಕೊಳ್ಳಲಿ. ಎರಡನೆಯದಾಗಿ, ಅಭಿಷೇಕದ ಹೊತ್ತಿಗೆ ಕಂಬದ ಹಿಂದೆ ನಿಲ್ಲುವವರು ನಮ್ಮ ಬಸದಿಗಳಲ್ಲಿ ಇಂದಿಗೂ ಇದ್ದರೆ ಅವರನ್ನು ಹೆಸರು ಹಿಡಿದು ಮುಂದೆ ಕರೆಯಬೇಕು. ಕಟ್ಟಳೆಯನ್ನು ತೆಗೆದುಹಾಕಿದರೆ ಸಾಲದು, ಕರೆಯಬೇಕು.

ರೇಚರಸನು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಸಾವಿರ ಜಿನಬಿಂಬಗಳ ಆ ಕೂಟದಲ್ಲಿ ಮುಂದಿನ ಬಿಂಬ, ಹಿಂದಿನ ಬಿಂಬ ಎಂಬ ತಾರತಮ್ಯವಿಲ್ಲ. ಯಾವ ಕಡೆಯಿಂದ ನೋಡಿದರೂ ಅದೇ ಶಾಂತಮುದ್ರೆ. ಅದನ್ನು ಪೂಜಿಸುವ ನಾವು ಮನೆಯಲ್ಲಿ ಮಾತ್ರ ಮುಂದಿನ ಕೋಣೆ, ಹಿಂದಿನ ಕೋಣೆಗಳನ್ನು ಇಟ್ಟುಕೊಂಡೆವು.

‘ಇಂದಿರಾಬಾಯಿ’ ದೋಷವಿಲ್ಲದ ಕೃತಿಯಲ್ಲ. ಅದರ ಊರು ಚಿಕ್ಕದು, ಗೆಲುವು ಸುಲಭದ್ದು, ನ್ಯಾಯ ಸರಕಾರದ ಮುದ್ರೆಯನ್ನು ನೆಚ್ಚಿಕೊಂಡದ್ದು. ಆದರೂ ಲಂಚದ ಹಣವನ್ನೂ ಹುಸಿಭಕ್ತಿಯನ್ನೂ ಮಗಳ ಕಣ್ಣೀರನ್ನೂ ಒಂದೇ ಪುಟದಲ್ಲಿ ಬರೆದ ಮೊದಲ ಖಾತೆಪುಸ್ತಕ ಅದು. ಮುಂದಿನ ಪರ್ಯೂಷಣದಲ್ಲಿ, ಉತ್ತಮ ಆರ್ಜವದ ದಿನದಂದು, ನಮ್ಮ ಮಂಡಲಿಗಳಲ್ಲಿ ಇದರ ಕೆಲವು ಅಧ್ಯಾಯಗಳನ್ನು ಹೆಣ್ಣುಮಕ್ಕಳಿಂದ ಓದಿಸಬೇಕೆಂದು ನನ್ನ ಪ್ರಾರ್ಥನೆ. ಓದಿದ ಮೇಲೆ ಪ್ರವಚನ ಬೇಡ. ಮನೆಗೆ ಹೋಗಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವವರನ್ನು ನಾವು ಈವರೆಗೆ ಏನನ್ನು ಕೇಳಿಲ್ಲವೋ ಅದನ್ನು ಕೇಳಿದರೆ ಸಾಕು. ನನಗಂತೂ ಆ ಅವಕಾಶ ಕೈತಪ್ಪಿಹೋಗಿದೆ.